ಮೇಜಿನ ಮೇಲೆ ಗಿಲ್ಗಿಟ್ ದಾರಿ: ಒಂದು ಕೆಗ್ರೆಸ್ ಗಾಡಿಗಾಗಿ ನಾಲ್ಕು ಪ್ರಯತ್ನ

ಮುಂದೆ ಕಾರು, ಹಿಂದೆ ಟ್ಯಾಂಕು. ಹಾಫ್‌ಟ್ರ್ಯಾಕ್ ಅಂದರೆ ಇಷ್ಟೇ. ಹೆಚ್ಚಿನವರು ಎರಡನೇ ಮಹಾಯುದ್ಧದ ಜರ್ಮನ್, ಅಮೆರಿಕನ್ ಗಾಡಿಗಳ ಹಿಂದೆ ಬೀಳುತ್ತಾರೆ. ನನಗೆ ಹಿಡಿದ ಹುಚ್ಚು ಅದಕ್ಕಿಂತ ಹಳೆಯದು. ಮರಳು, ಕಾಡು, ಹಿಮ ಅಂತ ಅಲೆದ ಫ್ರೆಂಚ್ ಕಾರು ಕಂಪನಿ ಸಿಟ್ರೊಯೆನ್‌ನ ಗಾಡಿಗಳದ್ದು.

ಅಡಾಲ್ಫ್ ಕೆಗ್ರೆಸ್ ಅನ್ನುವ ಫ್ರೆಂಚ್ ಎಂಜಿನಿಯರ್ ರಷ್ಯಾದ ಝಾರ್ ದೊರೆಯ ಗ್ಯಾರೇಜ್ ನೋಡಿಕೊಳ್ಳುತ್ತಿದ್ದ. ದೊರೆಯ ಕಾರು ಹಿಮದಲ್ಲಿ ಹೂತುಹೋಗಬಾರದು ಅಂತ ಹಿಂದಿನ ಚಕ್ರದ ಜಾಗಕ್ಕೆ ಬಳುಕುವ ಪಟ್ಟಿ ಜೋಡಿಸಿದ. 1917ರ ಕ್ರಾಂತಿಯಾದ ಮೇಲೆ ಊರಿಗೆ ವಾಪಸ್ ಬಂದ. ಅವನ ಪಟ್ಟಿಯನ್ನು ಸಿಟ್ರೊಯೆನ್ ತನ್ನ ಕಾರಿಗೆ ಹಾಕಿಕೊಂಡಿತು. 1922ರ ಡಿಸೆಂಬರ್‌ನಲ್ಲಿ ಹೊರಟ ಐದು ಗಾಡಿಗಳು ಸಹಾರಾ ದಾಟಿ 1923ರ ಜನವರಿಯಲ್ಲಿ ಟಿಂಬಕ್ಟು ಮುಟ್ಟಿದವು. 1931ರಲ್ಲಿ ಬೇರೂತ್‌ನಿಂದ ಪೀಕಿಂಗ್‌ಗೆ ಇನ್ನೊಂದು ಯಾತ್ರೆ. ಅದರ ದಾರಿ ಶ್ರೀನಗರದ ಮೇಲೆ ಹಾದಿತ್ತು. ಅಲ್ಲಿಂದ ಎರಡು ಗಾಡಿಗಳನ್ನು ಹಿಮಾಲಯ ಹತ್ತಿಸಿ ಗಿಲ್ಗಿಟ್‌ಗೆ ಒಯ್ದರು. ಹತ್ತಲಾಗದ ಕಡೆ ಬಿಚ್ಚಿ ಕೂಲಿಗಳ ಬೆನ್ನ ಮೇಲೆ ಹೊರಿಸಿದರು.

ನಮ್ಮ ಆಟ ಇದೇ: ಆ ಯಾತ್ರೆಗಳನ್ನು ಪುಟ್ಟ ಬೊಂಬೆ, ಗಾಡಿ ಇಟ್ಟು ದಾಳ ಹಾಕಿ ಮೇಜಿನ ಮೇಲೆ ಆಡುವುದು. ತಿಂಗಳಿಗೆ ಎರಡು ಭಾನುವಾರ ಹಾಸನದಿಂದ ಗೆಳೆಯ ಬೊಂಬೆಗಳನ್ನು ಟಿಫನ್ ಡಬ್ಬಿಯಲ್ಲಿ ತುಂಬಿಕೊಂಡು ಬಸ್ ಹತ್ತಿ ಚಿಕ್ಕಮಗಳೂರಿಗೆ ಬರುತ್ತಾನೆ. ನಮ್ಮ ಊಟದ ಮೇಜಿನ ಮೇಲೆ ಥರ್ಮೋಕೋಲ್ ಬೆಟ್ಟ ಏಳುತ್ತದೆ. ಮಣ್ಣಿಗೆ ಕಾಫಿ ಗಸಿ. ಈ ಊರಲ್ಲಿ ಅದಕ್ಕೇನು ಬರ? ಚೆನ್ನಾಗಿ ಒಣಗಿಸಬೇಕು ಅಷ್ಟೇ. ಒಂದು ಮಳೆಗಾಲದಲ್ಲಿ ಗಿಲ್ಗಿಟ್ ದಾರಿಯಲ್ಲಿ ಸಿಗುವ ಬುರ್ಜಿಲ್ ಕಣಿವೆ ಅಂತ ನಾನು ಕಟ್ಟಿದ್ದಕ್ಕೆ ಬಿಳಿ ಬೂಷ್ಟು ಬಂದು, ನೋಡಿದವರೆಲ್ಲ ಹಿಮ ಚೆನ್ನಾಗಿದೆ ಅಂದರು.

ಬೊಂಬೆಗಳು 28 ಮಿಲಿಮೀಟರಿನವು. ತಕರಾರು ಶುರುವಾಗುವುದೇ ಇಲ್ಲಿ. ಇವಕ್ಕೆ ಸರಿಹೊಂದುವ ಅಳತೆ ಸುಮಾರು 1/56, ಅಂದರೆ ನಿಜದ ಗಾಡಿಯ ಐವತ್ತಾರರಲ್ಲಿ ಒಂದು ಪಾಲು. ನಾಲ್ಕು ಮೀಟರಿನ ಗಾಡಿ ಆ ಅಳತೆಯಲ್ಲಿ ಏಳು ಸೆಂಟಿಮೀಟರ್ ಚಿಲ್ಲರೆ. 1/43ರಲ್ಲಿ ಒಂಬತ್ತು ದಾಟುತ್ತದೆ. 1/72ರಲ್ಲಿ ಐದೂವರೆ.

ನಾನು ಮೊದಲು ತಂದದ್ದು 1/43ರ ಲೋಹದ ಮಾಡೆಲ್. ರೆಡಿಮೇಡ್, ಬಣ್ಣ ಬಳಿದು ಬಂದದ್ದು, ಪಕ್ಕದಲ್ಲಿ ಪುಟ್ಟ ಲಾಂಛನ ಬೇರೆ. ಷೋಕೇಸಿನಲ್ಲಿ ಇದನ್ನು ಮೀರಿಸಿದ್ದಿಲ್ಲ. ಮೇಜಿಗೆ ಬಂದರೆ ಬೊಂಬೆಗಳ ಪಕ್ಕ ಲಾರಿಯ ಹಾಗೆ ಕಾಣುತ್ತದೆ. ಬೊಂಬೆಗಳ ಅಡಿ ತಟ್ಟೆಯಿಂದ ಸ್ವಲ್ಪ ಎತ್ತರ ಸಿಗುತ್ತದೆ, ಹಾಗಾಗಿ ದೂರದಿಂದ ನಡೆಯುತ್ತದೆ ಅನ್ನಿ. ಆದರೆ ಭಾರ! ಥರ್ಮೋಕೋಲ್ ಇಳಿಜಾರಿನಲ್ಲಿ ಇಟ್ಟರೆ ಮುಂದಿನ ಚಕ್ರ ಉರುಳಿ ಗಾಡಿ ತಾನೇ ಕೆಳಗೆ ಹೊರಡುತ್ತದೆ. ಚಕ್ರಕ್ಕೆ ಒಂದು ತೊಟ್ಟು ಅಂಟು ಬಿಟ್ಟೆ. ಆಮೇಲೆ ಬೆಟ್ಟದಲ್ಲೇ ಗುಳಿ ಬಿತ್ತು. ಬೆಲೆಯೂ ಜಾಸ್ತಿ. ಎರಡನೆಯದು ತರಲು ಮನಸ್ಸು ಬರಲಿಲ್ಲ.

1/72ರ ಪ್ಲಾಸ್ಟಿಕ್ ಕಿಟ್ಟಿನ ಬಗ್ಗೆ ನನಗೆ ಸ್ವಲ್ಪ ಅನುಕಂಪ ಇದೆ. ಯೂನಿಕ್ ಪಿ107 ಅನ್ನುವ ಫ್ರೆಂಚ್ ಸೇನೆಯ ಗಾಡಿಯ ಕಿಟ್ ತಂದೆ. ಅದರ ಪಟ್ಟಿ ಕೆಗ್ರೆಸ್ ಜಾತಿಯದೇ, ಮೈ ಮಾತ್ರ ಯಾತ್ರೆಯ ಗಾಡಿಯದ್ದಲ್ಲ. ಕತ್ತರಿಸಿ ಹೊಸ ಮೈ ಕಟ್ಟಬೇಕು. ಕಟ್ಟಿದೆ ಕೂಡ. ಚೆಂದವಾಯಿತು. ನಮ್ಮ ಬೊಂಬೆ ಪಕ್ಕ ನಿಲ್ಲಿಸಿದರೆ ದೊಡ್ಡವರು ಮಕ್ಕಳ ಕಾರಿಗೆ ಕಾವಲು ನಿಂತ ಹಾಗೆ. ಹೊಸದಾಗಿ ಶುರು ಮಾಡುವವರು 20 ಮಿಲಿಮೀಟರಿನ ಬೊಂಬೆಯನ್ನೇ ತೆಗೆದುಕೊಂಡರೆ ಮಾತು ಬೇರೆ. ಆಗ ಇಡೀ ಯಾತ್ರೆ ಒಂದೇ ಮೇಜಿನಲ್ಲಿ ಸಾಲಾಗಿ ಹೋಗುತ್ತದೆ. ನನಗೆ ಆ ಬುದ್ಧಿ ಬಂದದ್ದು ನಲವತ್ತು ಬೊಂಬೆಗೆ ಬಣ್ಣ ಬಳಿದ ಮೇಲೆ.

ಮೂರನೆಯದು ರೆಸಿನ್ ಪ್ರಿಂಟ್, ಅಂದರೆ ದ್ರವ ಪ್ಲಾಸ್ಟಿಕ್ಕನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿ ಮಾಡುವ 3ಡಿ ಪ್ರಿಂಟು. ಇದರಲ್ಲಿ ಅಳತೆ ನಮ್ಮ ಕೈಯಲ್ಲಿ, 1/56 ಅಂದರೆ 1/56. ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದೆ. ಕಳಿಸಿದವರು ಬರೀ ಲಕೋಟೆಯಲ್ಲಿ ಹಾಕಿ ಕಳಿಸಿದ್ದರು. ಬಿಚ್ಚಿದರೆ ಮುಂದಿನ ಉರುಳೆ ಎರಡು ತುಂಡು, ಸ್ಟೇರಿಂಗ್ ನಾಪತ್ತೆ. ರೆಸಿನ್ ಗಾಜಿನ ಹಾಗೆ, ತಗುಲಿದರೆ ಬಗ್ಗದು, ಮುರಿಯುತ್ತದೆ. ಆಮೇಲೆ ಗೆಳೆಯನೇ ಪ್ರಿಂಟರ್ ಕೊಂಡ. ರಾತ್ರಿ ಕರೆಂಟು ಹೋಗಿ ಬಂದರೆ ಮೈಮೇಲೆ ಗೆರೆ ಬೀಳುತ್ತದೆ. ಒಂದು ಗಾಡಿಯ ಬಾನೆಟ್ಟಿನಲ್ಲಿ ಆ ಗೆರೆ ಈಗಲೂ ಇದೆ. ಗುಂಡು ತಾಗಿದ ಗುರುತು ಅಂತ ಅವನ ವಾದ. ತೊಳೆದ ಮೇಲೆ ಬಿಸಿಲಿಗಿಟ್ಟು ಗಟ್ಟಿ ಮಾಡೋಣ ಅಂದರೆ ಜುಲೈಯಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ? ಉಗುರುಬಣ್ಣ ಒಣಗಿಸುವ ಯುವಿ ದೀಪ ತಂದೆವು. ಕೆಲಸ ಆಯಿತು. ಸ್ಪ್ರೇ ಪ್ರೈಮರ್ ಮಾತ್ರ ಮಳೆಯಲ್ಲಿ ಹೊಡೆಯಲೇಬೇಡಿ, ಮೈಯೆಲ್ಲ ಪುಡಿಪುಡಿಯಾಗುತ್ತದೆ. ಬ್ರಷ್ಷಿನಲ್ಲಿ ಬಳಿಯಿರಿ.

ಪ್ರಿಂಟಿನ ಮೈ ಒಪ್ಪಿದೆ. ಪಟ್ಟಿ ಒಪ್ಪಲಿಲ್ಲ. ಕಲ್ಲಿನಲ್ಲಿ ಕೆತ್ತಿದ ಹಾಗೆ ಬಿಗಿಯಾಗಿತ್ತು. ಕೆಗ್ರೆಸ್ ಗಾಡಿಯ ಜೀವ ಇರುವುದು ಅದರ ಪಟ್ಟಿಯಲ್ಲಿ. ಟ್ಯಾಂಕಿನ ಹಾಗೆ ಕಬ್ಬಿಣದ ಸರಪಳಿ ಅಲ್ಲ ಅದು, ರಬ್ಬರ್. ಸಣ್ಣ ಗಾಲಿಗಳ ಮೇಲೆ ಸ್ವಲ್ಪ ಜೋತು, ನೆಲಕ್ಕೆ ಒಗ್ಗಿ ಕೂರುತ್ತದೆ. ಅಭ್ಯಾಸಬಲದಿಂದ ಅದಕ್ಕೆ ಬೆಳ್ಳಿ ಬಣ್ಣ, ಮೇಲೆ ತುಕ್ಕು ಬಳಿಯುವವರನ್ನು ನೋಡಿದ್ದೇನೆ. ನಾನೂ ಬಳಿದಿದ್ದೆ. ರಬ್ಬರಿಗೆ ತುಕ್ಕು ಹಿಡಿಯುತ್ತದಾ?

ಹಾಗೆ ಬಂದದ್ದು ನಾಲ್ಕನೆಯದು, ಪೂರ್ತಿ ಕೈಯಿಂದ ಕಟ್ಟುವುದು. ಮೈಗೆ ಬೋರ್ಡ್ ಬರೆಯುವ ಅಂಗಡಿಯಲ್ಲಿ ಬಿಸಾಡಿದ ಸನ್‌ಬೋರ್ಡ್, ಗಾಲಿಗೆ ಅಂಗಿ ಗುಂಡಿ, ಪಟ್ಟಿಗೆ ಹಳೇ ಸೈಕಲ್ ಟ್ಯೂಬು. ಮೈ ನೋಡಿ ಹೆಂಡತಿ ಬೆಂಕಿಪೊಟ್ಟಣ ಅಂದಳು, ಸುಳ್ಳೇನಲ್ಲ. ಟ್ಯೂಬಿನ ಪಟ್ಟಿ ಮಾತ್ರ ಅದ್ಭುತ. ನಾಲ್ಕು ಮಿಲಿಮೀಟರ್ ಅಗಲಕ್ಕೆ ಬ್ಲೇಡಿನಲ್ಲಿ ಸೀಳಬೇಕು. ಸ್ಕೇಲ್ ಅಡ್ಡ ಇಟ್ಟು ಒಂದೇ ಎಳೆತ, ನಿಲ್ಲಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ. ಸೋಪಿನಲ್ಲಿ ಉಜ್ಜಿ ಬಿಳಿ ಪುಡಿ ತೊಳೆಯಬೇಕು, ಇಲ್ಲದಿದ್ದರೆ ಅಂಟು ಹಿಡಿಯದು. ಅಡ್ಡ ಗೆರೆಗೆ ತೆಳು ಟ್ಯೂಬಿನ ಚೂರುಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದೇ ಕೂರಿಸಬೇಕು. ಒಂದು ಪಟ್ಟಿಗೆ ಒಂದು ಸಂಜೆ. ಬಣ್ಣ ಬೇಡ. ಸುಮ್ನೆ ಒಣ ಗಸಿ ಉಜ್ಜಿದರೆ ದಾರಿ ಧೂಳು ಕೂತ ಹಾಗೆ.

ಹಾಗಾಗಿ ಈಗ ನಮ್ಮದು ಮಿಶ್ರ ಸಂಸಾರ. ಮೈ ಹಾಸನದ ಪ್ರಿಂಟು, ಪಟ್ಟಿ ಚಿಕ್ಕಮಗಳೂರಿನ ಟ್ಯೂಬು. ಹಗುರ, ಇಳಿಜಾರಿನಲ್ಲಿ ಜಾರುವುದಿಲ್ಲ, ರಬ್ಬರ್ ಗಟ್ಟಿ ಹಿಡಿಯುತ್ತದೆ. ಹೋದ ಸಲ ದಾಳಕ್ಕೆ ಒಂದು ಬಿದ್ದು ದಾರಿ ಕುಸಿಯಿತು. ಗಾಡಿಯ ಅರ್ಧ ಮೈ ಪ್ರಪಾತದ ಮೇಲೆ ಚಾಚಿತ್ತು, ಬೀಳಲಿಲ್ಲ. ಲೋಹದ್ದು ಆಗಿದ್ದರೆ ನೆಲ ಸೇರುತ್ತಿತ್ತು.

ಎರಡು ಗಾಡಿ ಆಯಿತು. ಸಹಾರಾ ಆಟಕ್ಕೆ ಇನ್ನೂ ಮೂರು ಬೇಕು. ಸೈಕಲ್ ಅಂಗಡಿಯವರು ಈಗ ನನ್ನನ್ನು ಕಂಡ ಕೂಡಲೇ ಹಳೇ ಟ್ಯೂಬು ಎತ್ತಿಡುತ್ತಾರೆ. ಏನಕ್ಕೆ ಅಂತ ಮೊನ್ನೆ ಕೇಳಿದರು. ಸಹಾರಾ ದಾಟಕ್ಕೆ ಅಂದೆ. ಪಂಕ್ಚರ್ ಆಗಿರೋದು ನಡೆಯುತ್ತಾ ಅಂದರು.