ದೊಡ್ಡಪ್ಪನ ಪುಸ್ತಕಕ್ಕೆ ಯಾವ ಕೀಲಿಮಣೆ?

ತಿಪಟೂರಿನ ನಮ್ಮ ದೊಡ್ಡಪ್ಪ ಪ್ರೌಢಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಊರಿನ ಕೆರೆ, ತೂಬು, ಗುಡಿ, ಜಾತ್ರೆಗಳ ಬಗ್ಗೆ ಹತ್ತು ವರ್ಷದಿಂದ ಒಂದು ಪುಸ್ತಕ ಬರೆಯುತ್ತಲೇ ಇದ್ದಾರೆ. ಕಳೆದ ದಸರಾ ರಜೆಗೆ ಹೋದಾಗ ಕಾಫಿ ಲೋಟಕ್ಕಿಂತ ಮೊದಲು ಲ್ಯಾಪ್‌ಟಾಪ್ ನನ್ನ ಕೈಗೆ ಬಂತು. ಮನೆಯಲ್ಲೊಬ್ಬ ಕಂಪ್ಯೂಟರ್ ಓದಿದರೆ ಸಾಕು, ಪ್ರಿಂಟರ್‌ನಿಂದ ಹಿಡಿದು ಟಿವಿ ರಿಮೋಟ್‌ವರೆಗೆ ಎಲ್ಲದಕ್ಕೂ ಅವನೇ ವೈದ್ಯ.

"ನೋಡಪ್ಪ, ನನ್ನ ಮೂರನೇ ಅಧ್ಯಾಯಕ್ಕೆ ದೆವ್ವ ಹಿಡಿದಿದೆ" ಎಂದರು.

ನಿಜಕ್ಕೂ ಹಿಡಿದಿತ್ತು. 'ಕನ್ನಡ' ಎಂದಿರಬೇಕಾದ ಕಡೆಯಲ್ಲೆಲ್ಲ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೊಂದು ಗೀಟಿನ ಎ, ಜರ್ಮನ್ನರ ಬಾಲವಿರುವ ಅಕ್ಷರ, ಸಣ್ಣ ಕ್ಯು, ಕೊನೆಗೆ ಇನ್ನೊಂದು ಎ. ಹಳೆಯ ಅಕ್ಷರಶೈಲಿಗಳ, ಅಂದರೆ ಫಾಂಟ್‌ಗಳ, ಗುಟ್ಟು ಇದೇ. ಕಡತದೊಳಗೆ ಇರುವುದು ಲ್ಯಾಟಿನ್ ಚಿಹ್ನೆಗಳು. ಅಕ್ಷರಶೈಲಿ ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಯಾರೋ ಲ್ಯಾಪ್‌ಟಾಪನ್ನು ಹೊಸದಾಗಿ ಸಜ್ಜುಗೊಳಿಸುವಾಗ ಆ ಅಕ್ಷರಶೈಲಿಯನ್ನು ಹಾಕಿರಲಿಲ್ಲ, ವೇಷ ಕಳಚಿತ್ತು.

ಅಧ್ಯಾಯವನ್ನು ಪರಿವರ್ತಕವೊಂದರಿಂದ ಯೂನಿಕೋಡಿಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆಗೆ, ತಂದೆ. ಅರ್ಧ ದಿನ ಅರ್ಕಾವತ್ತುಗಳನ್ನು ಅವುಗಳ ಜಾಗಕ್ಕೆ ಎಳೆದು ಕೂರಿಸಿದ್ದಾಯಿತು. ಆಗ ದೊಡ್ಡಪ್ಪ ಕೇಳಿದ ಪ್ರಶ್ನೆ ನೇರವಾಗಿತ್ತು: ಇನ್ನು ಮುಂದೆ ಯಾವುದರಲ್ಲಿ ಬರೆಯಲಿ? ಥಟ್ಟನೆ ಉತ್ತರ ಹೇಳಲು ನನಗೇ ಧೈರ್ಯ ಬರಲಿಲ್ಲ. ಬೆಂಗಳೂರಿಗೆ ಮರಳಿ ಒಂದು ತಿಂಗಳು ಅವರ ಕೆರೆಯ ಅಧ್ಯಾಯದ ಮೊದಲ ಪುಟವನ್ನೇ ಬೇರೆ ಬೇರೆ ವಿಧಾನಗಳಲ್ಲಿ ಟೈಪಿಸಿ ನೋಡಿದೆ. ಆ ಪುಟ ಈಗ ನನಗೆ ಬಾಯಿಪಾಠ.

ನಿಜವಾದ ಪಂದ್ಯ ಇದ್ದದ್ದು ನುಡಿ ಮತ್ತು ಬರಹ ಎಂಬ ಎರಡು ಕನ್ನಡ ಟೈಪಿಂಗ್ ತಂತ್ರಾಂಶಗಳ ನಡುವೆ. ನುಡಿ ಕನ್ನಡ ಗಣಕ ಪರಿಷತ್ತಿನದು, ಸರ್ಕಾರಿ ಕಚೇರಿಗಳಲ್ಲಿ ಬೇರೂರಿರುವುದು. ಅದರ ಕೀಲಿಮಣೆಯ ಹಿಂದಿರುವ ತಲೆ ಕೆ.ಪಿ. ರಾವ್ ಅವರದು. ಬರಹವನ್ನು 1998ರಲ್ಲಿ ಹೊರತಂದವರು ಶೇಷಾದ್ರಿವಾಸು. ವಿದೇಶದಲ್ಲಿದ್ದ ಕನ್ನಡಿಗರ ಇಡೀ ಒಂದು ತಲೆಮಾರು ಊರಿಗೆ ಕನ್ನಡದಲ್ಲಿ ಮಿಂಚಂಚೆ ಬರೆದದ್ದು ಅದರ ಬಲದಿಂದ. ಎರಡೂ ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡ ಬರೆಸುತ್ತವೆ, ಎರಡೂ ಧ್ವನಿಯನ್ನೇ ಆಧರಿಸಿವೆ. ಆದರೆ ಬೆರಳಿಗೆ ಕಲಿಸುವ ಪಾಠ ಬೇರೆ ಬೇರೆ.

ಬರಹದಲ್ಲಿ ನೀವು ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಾಗುಣಿತ ಬಿಡಿಸಿದಂತೆ ಬರೆಯುತ್ತೀರಿ. 'ನಗರದ' ಎನ್ನಲು ಎನ್, ಎ, ಜಿ, ಎ, ಆರ್, ಎ, ಡಿ, ಎ: ಎಂಟು ಒತ್ತು. ನುಡಿಯಲ್ಲಿ ವ್ಯಂಜನ ಒತ್ತಿದರೆ ಅದರೊಳಗಿನ ಅಕಾರವೂ ಜೊತೆಗೇ ಬರುತ್ತದೆ. ಎನ್, ಜಿ, ಆರ್, ಡಿ, ಅಷ್ಟೇ. ನಾಲ್ಕು ಅಕ್ಷರಕ್ಕೆ ನಾಲ್ಕು ಒತ್ತು. ಸ್ವರ ಬೇಕಾದರೆ ಮುಂದೆ ಒತ್ತಬೇಕು, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. 'ಕನ್ನಡ'ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು: ಐದು. ಬರಹದಲ್ಲಿ ಅದೇ ಪದಕ್ಕೆ ಏಳು, ಜೊತೆಗೆ ಡಕಾರಕ್ಕಾಗಿ ಶಿಫ್ಟ್.

ಇದನ್ನು ನೋಡಿ ನುಡಿಗೆ ಜಯಕಾರ ಹಾಕುವ ಹೊತ್ತಿಗೆ 'ಸ್ತ್ರೀ' ಅಡ್ಡ ಬಂದಳು. ನುಡಿಯಲ್ಲಿ ಅವಳಿಗೆ ಆರು ಒತ್ತು, ಎರಡು ಸಲ ಎಫ್ ಹಾಕಬೇಕು. ಬರಹದಲ್ಲಿ ನಾಲ್ಕಕ್ಕೆ ಕೆಲಸ ಮುಗಿಯುತ್ತದೆ. 'ಅಮ್ಮ', 'ಅಕ್ಕ' ಎರಡರಲ್ಲೂ ನಾಲ್ಕೇ. 'ರಾಷ್ಟ್ರ' ಎರಡರಲ್ಲೂ ಏಳು. ಹಾಗಾಗಿ ಸಂಸ್ಕೃತದ ಒತ್ತಕ್ಷರ ದಟ್ಟವಾಗಿರುವ ಬರವಣಿಗೆಯಲ್ಲಿ ಅಂತರ ಕಡಿಮೆಯಾಗುತ್ತದೆ. ದೊಡ್ಡಪ್ಪನ ಕೆರೆಯ ಪುಟದಲ್ಲಿ ಇದ್ದದ್ದು ಕೋಡಿ, ಏರಿ, ತೂಬು, ಮದಗ, ನೀರಗಂಟಿ. ಇಂತಹ ಪದಗಳಿಗೆ ನುಡಿ ಹೇಳಿ ಮಾಡಿಸಿದಂತಿದೆ.

ಕಲಿಯುವ ಮೊದಲ ವಾರದ ಕಥೆ ಇನ್ನೊಂದು ಬಗೆ. ಬರಹದಲ್ಲಿ ನಾನು ಮೊದಲ ದಿನವೇ ಪುಟ ಮುಗಿಸಿದೆ. ದೊಡ್ಡ ಟಿ ಟಕಾರ, ಸಣ್ಣ ಟಿ ತಕಾರ, ದೊಡ್ಡ ಎಲ್ ಳಕಾರ. ಊಹೆಗೆ ಸಿಗುವ ನಿಯಮಗಳು. ನುಡಿಯಲ್ಲಿ ಟಕಾರ ಕ್ಯು ಕೀಲಿಯಲ್ಲಿದೆ, ಡಕಾರ ಡಬ್ಲ್ಯುನಲ್ಲಿ, ಷಕಾರ ಎಕ್ಸ್‌ನಲ್ಲಿ. ಟಿ ಮತ್ತು ಡಿ ಕೀಲಿಗಳನ್ನು ತಕಾರ, ದಕಾರಗಳು ಹಿಡಿದು ಕುಳಿತಿರುವುದರಿಂದ ಪಾಪ, ಇವು ಪಕ್ಕದ ಮನೆಗೆ ಬಾಡಿಗೆಗೆ ಹೋಗಿವೆ. ಮೂರು ದಿನ 'ಟೊಮೇಟೊ' ಬರೆಯಲು ಹೋಗಿ 'ತೊಮೇತೊ' ಬರೆದೆ. ನಾಲ್ಕನೇ ದಿನ ಬೆರಳು ತಾನಾಗಿ ಕ್ಯು ಕಡೆಗೆ ಹೋಯಿತು. ಆ ಕ್ಷಣದ ಸಂತೋಷ ಸಣ್ಣದಲ್ಲ.

ಎರಡು ವಾರ ಬರಹದಲ್ಲಿ ಬರೆದ ಮೇಲೆ ನನ್ನ ತಲೆಯಲ್ಲಿ ಕನ್ನಡ ಪದಗಳು ಇಂಗ್ಲಿಷ್ ಅಕ್ಷರಗಳಲ್ಲಿ ಓಡತೊಡಗಿದವು. ನುಡಿಯಲ್ಲಿ ಹಾಗಾಗಲಿಲ್ಲ. ಅಲ್ಲಿ ನಾನು ಯೋಚಿಸುತ್ತಿದ್ದದ್ದು ಕಕಾರ, ಒತ್ತು, ದೀರ್ಘ, ಸೊನ್ನೆ ಎಂದೇ, ಮೊದಲನೇ ತರಗತಿಯ ಸ್ಲೇಟಿನ ಮೇಲೆ ಬರೆದಂತೆ. ಇದು ನನ್ನೊಬ್ಬನ ಅನುಭವ ಇರಬಹುದು. ನನ್ನ ಮಟ್ಟಿಗೆ ಪಂದ್ಯ ಅಲ್ಲಿಗೆ ಮುಗಿಯಿತು.

ಬರಹದ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 'ಸಾಫ್ಟ್‌ವೇರ್' ಬರೆಯುವಾಗ ವಕಾರ ಹೋಗಿ ಟಕಾರದ ಕೆಳಗೆ ಒತ್ತಾಗಿ ತೂಗಾಡದಂತೆ ತಡೆಯಲು, 'ರ‍್ಯಾಂಕ್' ಬರೆಯುವಾಗ ರಕಾರ ಅರ್ಕಾವತ್ತಾಗದಂತೆ ನೋಡಿಕೊಳ್ಳಲು ಕಣ್ಣಿಗೆ ಕಾಣದ ಗುರುತುಗಳು ಬೇಕು. ಬರಹದಲ್ಲಿ ಇವಕ್ಕೆ ಆರರ ಕೀಲಿಯ ಮೇಲಿರುವ ಟೊಪ್ಪಿಗೆ ಚಿಹ್ನೆ ಇದೆ. ಒಮ್ಮೆ ಹಾಕಿದರೆ ಒಂದು, ಎರಡು ಸಲ ಹಾಕಿದರೆ ಇನ್ನೊಂದು. ಒಮ್ಮೆ ತಿಳಿದರೆ ಮರೆಯುವಂತಿಲ್ಲ.

ಇನ್‌ಸ್ಕ್ರಿಪ್ಟ್ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಐದನೇ ದಿನಕ್ಕೆ ಕೈಬಿಟ್ಟೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಗೊತ್ತುಮಾಡಿದ ವಿನ್ಯಾಸ ಇದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಹಿಂದಿಯ ಗ ಎಲ್ಲಿದೆಯೋ ಕನ್ನಡದ ಗ ಅಲ್ಲಿಯೇ, ತೆಲುಗಿನದೂ ಅಲ್ಲಿಯೇ. ನಾಲ್ಕು ಭಾಷೆ ಟೈಪಿಸುವವರಿಗೆ ವರದಾನ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದಲೂ ಕನ್ನಡಕ್ಕೆ ಸಿಗುತ್ತಿರುವ ಕೀಲಿಮಣೆ ಇದು. ಇಂಗ್ಲಿಷ್ ಕೀಲಿಗಳಿಗೆ ಹೊಂದಿಕೊಂಡ ಕೈಗೆ ಮಾತ್ರ ಎಲ್ಲವೂ ಅಪರಿಚಿತ.

ಊಹೆ ಮಾಡಿ ಪದ ಕೊಡುವ ಕೀಲಿಮಣೆಗಳು ಬೇರೆಯೇ ಜಾತಿ. ಫೋನಿನಲ್ಲಿ ಎಲ್ಲರೂ ಬಳಸುವುದು ಇವನ್ನೇ. 2019ರ ಮೇ ತಿಂಗಳ ಪರಿಷ್ಕರಣೆಯಲ್ಲಿ ವಿಂಡೋಸ್ 10ಕ್ಕೂ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಧ್ವನ್ಯಾತ್ಮಕ ಕೀಲಿಮಣೆ ಬಂತು. ನಿಯಮ ಕಲಿಯಬೇಕಾಗಿಲ್ಲ. ನಾವು ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಗೀಚುತ್ತೇವೆಯೋ ಹಾಗೆ ಗೀಚಿದರೆ ಅದೇ ಪದ ಹುಡುಕಿ ಕೊಡುತ್ತದೆ. ತೊಂದರೆ ಎಂದರೆ ಬಿ, ಎ, ಎಲ್, ಇ ಎಂದು ಬರೆದರೆ ಅದು ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ ಎಂಬುದು ದೇವರಿಗೇ ಗೊತ್ತು. ಗೌರಿ ಹಬ್ಬದ ಹಿಂದಿನ ದಿನ ದೊಡ್ಡಮ್ಮನಿಗೆ "ಬಲೆ ತಂದಿದ್ದೇನೆ" ಎಂದು ಸಂದೇಶ ಕಳಿಸಿದವನು ನಾನೇ. ನಾಲ್ಕು ಸಾಲಿನ ಸಂದೇಶಕ್ಕೆ ಇದು ಸಾಕು. ಇನ್ನೂರು ಪುಟದ ಪುಸ್ತಕಕ್ಕೆ ಪ್ರತಿ ಪದದಲ್ಲೂ ಕಣ್ಣು ಅದು ಸೂಚಿಸುವ ಪದಗಳ ಪಟ್ಟಿಯ ಮೇಲೆ ಇರಬೇಕಾದರೆ ವಾಕ್ಯದ ಎಳೆಯೇ ತಪ್ಪುತ್ತದೆ.

ಮಾತಾಡಿ ಬರೆಸುವುದನ್ನು ದೊಡ್ಡಪ್ಪ ತಾವೇ ಪರೀಕ್ಷಿಸಿದರು. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ಈಗ ಇಂತಹ ಸೌಲಭ್ಯ ಹಲವು ಕಡೆ ಸಿಗುತ್ತದೆ. ಮೊದಲ ಸಲ ಅವರು ಸಹಜವಾಗಿ ಮಾತಾಡಿದರು. ಪರದೆಯ ಮೇಲೆ ಬಂದದ್ದೂ ಮಾತಿನ ಕನ್ನಡವೇ, ಕ್ರಿಯಾಪದಗಳೆಲ್ಲ ಬಾಲ ಕತ್ತರಿಸಿಕೊಂಡು ನಿಂತಿದ್ದವು. "ಓಹೋ, ಇದಕ್ಕೆ ಗ್ರಾಂಥಿಕವಾಗಿ ಹೇಳಬೇಕು" ಎಂದು ಕನ್ನಡಕ ಸರಿಮಾಡಿಕೊಂಡು, ಗಂಟಲು ಕೆರೆದು, ಆಕಾಶವಾಣಿಯ ಪ್ರದೇಶ ಸಮಾಚಾರ ಓದುವವರ ಹಾಗೆ ಶುರು ಮಾಡಿದರು: "ಕೆರೆಯ ಏರಿಯು ಪೂರ್ವಾಭಿಮುಖವಾಗಿ ಸಾಗುತ್ತದೆ." ಅಕ್ಷರ ಅಕ್ಷರವೂ ಸರಿಯಾಗಿ ಬಂತು! ಅವರ ಮುಖ ಅರಳಿತು. ಅಲ್ಲಿಂದ ಅರ್ಧ ಗಂಟೆ ಓತಪ್ರೋತ. ಮಧ್ಯೆ ಅಡುಗೆಮನೆಯಿಂದ ದೊಡ್ಡಮ್ಮ ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ, ಫೋನಿನ ಕಿವಿಗೆ ಬಿತ್ತು. ತೂಬಿನ ಕಲ್ಲಿನ ಅಳತೆ ಹೇಳುವ ವಾಕ್ಯದ ನಡುವೆ "ಸಾರು ಆರುತ್ತಿದೆ ಬನ್ನಿ" ಎಂದು ದಾಖಲಾಗಿತ್ತು.

ಧ್ವನಿಯ ಕರಡಿನಲ್ಲಿ ಪೂರ್ಣವಿರಾಮಗಳಿರಲಿಲ್ಲ. ಮಹಾಪ್ರಾಣಗಳು ಅಲ್ಲಲ್ಲಿ ಪ್ರಾಣ ಬಿಟ್ಟಿದ್ದವು. ಸುತ್ತಲಿನ ಸಣ್ಣ ಹಳ್ಳಿಗಳ ಹೆಸರುಗಳು ಗುರುತೇ ಸಿಗದಂತೆ ಬಂದಿದ್ದವು. ಆದರೂ ಎಪ್ಪತ್ತು ದಾಟಿದ, ಎರಡು ತೋರುಬೆರಳಿನಲ್ಲೇ ಟೈಪಿಸುವ ಮನುಷ್ಯನಿಗೆ ಇದು ದೊಡ್ಡ ಆಸರೆ. ಕೊನೆಗೆ ನಾವು ಒಪ್ಪಿಕೊಂಡ ವ್ಯವಸ್ಥೆ ಹೀಗಿದೆ: ಫೋನಿಗೆ ಹೇಳಿ ಕರಡು ಮಾಡುವುದು, ಲ್ಯಾಪ್‌ಟಾಪಿನಲ್ಲಿ ನುಡಿಯ ವಿನ್ಯಾಸದಲ್ಲಿ ತಿದ್ದುವುದು, ಉಳಿಸುವುದು ಯೂನಿಕೋಡಿನಲ್ಲೇ. ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿಯೂ ಐಬಸ್ ಎಂಬ ಟೈಪಿಂಗ್ ಸೌಲಭ್ಯದ ಮೂಲಕ ಕೆಜಿಪಿ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಇರುವುದರಿಂದ ಅವರು ಕಳಿಸಿದ್ದನ್ನು ನಾನು ಇಲ್ಲಿಂದಲೇ ತಿದ್ದಬಲ್ಲೆ.

ಯೂನಿಕೋಡಿನ ವಿಷಯದಲ್ಲಿ ಮಾತ್ರ ನಾನು ರಾಜಿಗೆ ಸಿದ್ಧನಿರಲಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಮೀಸಲಾಗಿದೆ. ಅಲ್ಲಿನ ಕಕಾರ ಯಾವ ಅಕ್ಷರಶೈಲಿಯಲ್ಲೂ ಕಕಾರವೇ. ಮುದ್ರಣದವರು ಪುಟ ಜೋಡಿಸಲು ಇನ್ನೂ ಹಳೆಯ ಪೇಜ್‌ಮೇಕರ್ ಬಳಸುತ್ತಾರೆ, ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅವರು ಹಳೆಯ ಮಾದರಿಯ ಕಡತವನ್ನೇ ಕೇಳಿದರು. ಮುದ್ರಣಕ್ಕೆ ಹೋಗುವ ದಿನ ಪರಿವರ್ತಿಸಿ ಕೊಡೋಣ, ಮೂಲ ಪ್ರತಿ ನಮ್ಮಲ್ಲಿ ಯೂನಿಕೋಡಿನಲ್ಲೇ ಇರಲಿ ಎಂದೆ. ನುಡಿ, ಬರಹ ಎರಡೂ ಈ ಎರಡು ಮಾದರಿಗಳಲ್ಲಿ ಬರೆಯಬಲ್ಲವು, ಆಯ್ಕೆ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಬೇಕು ಅಷ್ಟೇ. ದೊಡ್ಡಪ್ಪನ ಮೂರನೇ ಅಧ್ಯಾಯ ಆ ಆಯ್ಕೆಯನ್ನು ನೋಡದೆ ಬರೆದದ್ದು.

ಒಂದು ತಪ್ಪು ನನ್ನದೂ ಇದೆ. ಅವರಿಗೆ ಅನುಕೂಲವಾಗಲಿ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೀಲಿಗಳ ಮೇಲೆ ಅಂಟಿಸುವ ಕನ್ನಡ ಅಕ್ಷರದ ಚೀಟಿಗಳನ್ನು ತಂದು, ಒಂದು ಭಾನುವಾರ ಕುಳಿತು ಒಂದೊಂದಾಗಿ ಅಂಟಿಸಿದ್ದೆ. ಮರುದಿನ ಬೆಳಿಗ್ಗೆ ಫೋನ್ ಬಂತು. "ಏನಪ್ಪ, ಪಕಾರ ಒತ್ತಿದರೆ ಹಕಾರ ಬರುತ್ತಿದೆ." ಚೀಟಿಗಳು ಇನ್‌ಸ್ಕ್ರಿಪ್ಟ್ ವಿನ್ಯಾಸದವು, ಅಂಗಡಿಯಲ್ಲಿ ನಾನು ನೋಡಿರಲಿಲ್ಲ. ಕಳೆದ ತಿಂಗಳು ಹೋದಾಗ ಕೀಲಿಮಣೆಯನ್ನು ಗಮನಿಸಿದೆ. ದೊಡ್ಡಪ್ಪ ಎಲ್ಲವನ್ನೂ ಉಗುರಿನಿಂದ ಕಿತ್ತು ತೆಗೆದಿದ್ದಾರೆ, ಅಂಟಿನ ಕಲೆ ಮಾತ್ರ ಉಳಿದಿದೆ. ಕೆ ಕೀಲಿಯ ಮೇಲಿನ ಚೀಟಿಯನ್ನು ಮಾತ್ರ ಮುಟ್ಟಿಲ್ಲ. ಕೆಳಗೆ ಕ, ಮೇಲೆ ಖ. ಎರಡೂ ವಿನ್ಯಾಸಗಳಲ್ಲಿ ಅವು ಇರುವುದು ಅಲ್ಲಿಯೇ.