ತಿನ್ನುತ್ತಿರುವ ಮಾತ್ರೆ ಯಾವುದೆಂದು ಕೇಳದೆ ಪ್ರೋಬಯಾಟಿಕ್ ಮಾರುತ್ತಾರೆ, ಎಚ್ಚರ

ಅಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ ಹಳೆಯದು. ಈ ಬೇಸಿಗೆಯಲ್ಲಿ ಅವರಿಗೆ ಭೇದಿ ಹತ್ತಿಕೊಂಡಿತು. ಉಂಡು ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು. ಬೆಂಗಳೂರಿನ ‘ಕರುಳಿನ ಆರೋಗ್ಯ’ ಕೇಂದ್ರವೊಂದು ಅವರ ಮಲ ಪರೀಕ್ಷೆ ಮಾಡಿ, ಬಣ್ಣಬಣ್ಣದ ವರದಿ ಕೊಟ್ಟು, ಮೂರು ತಿಂಗಳಿಗಾಗುವ ಪ್ರೋಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ ತುಂಬಿದ, ಕ್ಯಾಪ್ಸೂಲ್‌ಗಳನ್ನು ಕಟ್ಟಿಕೊಟ್ಟಿತು. ಎಲ್ಲ ಸೇರಿ 11,000 ರೂಪಾಯಿ ದಾಟಿತು. ಭೇದಿ ಇನ್ನೂ ಹೆಚ್ಚಾದಾಗ ಫೋನ್ ಮಾಡಿದರೆ, “ಅಮ್ಮಾ, ಕೆಟ್ಟದ್ದೆಲ್ಲ ಹೊರಗೆ ಹೋಗುತ್ತಿದೆ, ಯಾವ ಕಾರಣಕ್ಕೂ ನಿಲ್ಲಿಸಬೇಡಿ” ಎಂಬ ಉತ್ತರ ಬಂತು.

ಅಮ್ಮ ಸೊರಗಿ ಹೋದರು. ಕೊನೆಗೆ ನಮ್ಮೂರಿನ ವೈದ್ಯರು ಮೊದಲು ಕೇಳಿದ್ದು ಮಾತ್ರೆಯ ಚೀಟಿಯನ್ನು. ಭೇದಿ ಶುರುವಾಗುವ ಸ್ವಲ್ಪ ಮುಂಚೆ ಸಕ್ಕರೆ ಕಾಯಿಲೆಗೆ ತಿನ್ನುವ ಮೆಟ್‌ಫಾರ್ಮಿನ್ ಪ್ರಮಾಣ ಎರಡು ಪಟ್ಟಾಗಿತ್ತು. ಆ ಮಾತ್ರೆಯಿಂದ ಭೇದಿಯಾಗುವುದು ತೀರಾ ಸಾಮಾನ್ಯ. ಪ್ರಮಾಣ ತಗ್ಗಿಸಿ, ನಿಧಾನವಾಗಿ ಕರಗುವ ಬಗೆಯದನ್ನು ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ಹೊಟ್ಟೆ ಹಿಡಿತಕ್ಕೆ ಬಂತು. ಇದನ್ನು ಓದಿ ಯಾರೂ ತಾವಾಗಿಯೇ ಆ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ. ನನಗೆ ಸಿಟ್ಟಿರುವುದು ಆ ಕೇಂದ್ರದ ಮೇಲೆ. ಸಾವಿರಾರು ರೂಪಾಯಿ ಎಣಿಸಿಕೊಂಡವರು “ನೀವು ಯಾವ ಮಾತ್ರೆ ತಿನ್ನುತ್ತಿದ್ದೀರಿ” ಎಂಬ ಒಂದು ಪ್ರಶ್ನೆ ಕೇಳಲಿಲ್ಲ.

ಆಮೇಲೆ ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದೆ. ಮುಂದೆ ದಪ್ಪಕ್ಷರದಲ್ಲಿ ‘5,000 ಕೋಟಿ ಜೀವಾಣುಗಳು’. ಹಿಂದೆ, ಸಣ್ಣಕ್ಷರದಲ್ಲಿ, ಅದು ತಯಾರಿಕೆಯ ದಿನದ ಲೆಕ್ಕ ಎಂದಿತ್ತು. ಬಿಸಿಲಿನಲ್ಲಿ ಕೊರಿಯರ್‌ನಲ್ಲಿ ಬಂದ ಡಬ್ಬಿಯಲ್ಲಿ ಎಷ್ಟು ಜೀವಂತ ಉಳಿದಿದ್ದವು ಎಂದು ಹೇಳುವವರಿಲ್ಲ. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕುಲದ ಹೆಸರುಗಳಿದ್ದವೇ ಹೊರತು ಆ ಕುಲದೊಳಗಿನ ಯಾವ ತಳಿ ಎಂಬ ಗುರುತು ಇರಲಿಲ್ಲ. ಅದರ ಕೆಳಗೆ, ಔಷಧೀಯ ಬಳಕೆಗಲ್ಲ ಎಂಬ ಸಾಲು. ಆರೋಗ್ಯ ಪೂರಕಗಳ ಮೇಲೆ ಈ ಮಾತು ಇರಲೇಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಡಬ್ಬಿಯ ಮೇಲೆ ಔಷಧವಲ್ಲ ಎಂದು ಅಚ್ಚಾಗಿದ್ದದ್ದನ್ನೇ ಅಮ್ಮನಿಗೆ ಔಷಧವೆಂದು ಕೊಟ್ಟಿದ್ದರು.

ತಳಿಯ ಗುರುತಿಗೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆಂದರೆ, ಪುರಾವೆ ಎಂಬುದು ಇಂಥ ತಳಿ, ಇಷ್ಟು ಪ್ರಮಾಣ, ಇಂಥ ಕಾಯಿಲೆ ಎಂಬ ಮೂರೂ ಕೂಡಿದಾಗ ಮಾತ್ರ ಸಿಗುತ್ತದೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದಕ್ಕೆ ಬೇಕಾದ ನಾರಿನಂಶದೊಡನೆ ಕೊಟ್ಟಾಗ ಸೋಂಕಿನಿಂದ ಮೈಗೇರುವ ನಂಜು (ಸೆಪ್ಸಿಸ್) ಮತ್ತು ಸಾವು ಶೇ. 40ರಷ್ಟು ಇಳಿದವು. ಹೆಮ್ಮೆಪಡುವಂಥ ಕೆಲಸ. ಆದರೆ ಅದೇ ಫಲ ಬೇರೆ ತಳಿಗೆ, ಬೇರೆ ಕಾಯಿಲೆಗೆ ತಾನಾಗಿ ಸಲ್ಲುವುದಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ವಾಂತಿ-ಭೇದಿಯಾದ ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳು 2018ರಲ್ಲಿ ಹೊರಬಂದವು. ಪ್ರೋಬಯಾಟಿಕ್ ಪಡೆದವರಿಗೂ ಹುಸಿಮದ್ದು ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಪುರಾವೆಗಳನ್ನೆಲ್ಲ ಜಾಲಾಡಿ, ಕೆರಳುವ ಕರುಳಿನ ತೊಂದರೆಗೆ (ಐಬಿಎಸ್) ಪ್ರೋಬಯಾಟಿಕ್ ಸಂಶೋಧನೆಯ ಹೊರಗೆ ಬೇಡ ಎಂದಿತು. ಪ್ರತಿಜೀವಕದ (ಆಂಟಿಬಯಾಟಿಕ್) ಜೊತೆ ಬರುವ ಒಂದು ಬಗೆಯ ಸೋಂಕು ತಡೆಯಲು, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ, ಹೀಗೆ ಕೆಲವೇ ಸಂದರ್ಭಗಳಲ್ಲಿ ಆಯ್ದ ತಳಿಗಳಿಗೆ ಒಪ್ಪಿಗೆ ಕೊಟ್ಟಿತು, ಅದೂ ಷರತ್ತಿನೊಡನೆ.

ಇನ್ನು ಆ ಬಣ್ಣದ ವರದಿ. ಆರೋಗ್ಯವಂತ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಅಳತೆಯಿಲ್ಲದೆ ‘ಕಡಿಮೆಯಾಗಿದೆ’ ಎಂದು ಕೆಂಪು ಬಣ್ಣ ಬಳಿಯುವುದು ಹೇಗೆ?

“ತಿಂದರೆ ನಷ್ಟವೇನು” ಎನ್ನುವವರಿಗೆ ನೆದರ್ಲೆಂಡ್ಸ್‌ನ ಒಂದು ಅಧ್ಯಯನ ಹೇಳಬೇಕು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದ ರೋಗಿಗಳಲ್ಲಿ ಪ್ರೋಬಯಾಟಿಕ್ ಪಡೆದವರ ಪೈಕಿ ಶೇ. 16 ಮಂದಿ ಸತ್ತರು, ಪಡೆಯದವರಲ್ಲಿ ಶೇ. 6. ಇದು 2008ರಲ್ಲಿ ಪ್ರಕಟವಾಯಿತು. ಕೀಮೋಥೆರಪಿಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು, ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು.

ಮನೆಯ ಮೊಸರು, ಮಜ್ಜಿಗೆ ಒಗ್ಗುವವರು ಧಾರಾಳವಾಗಿ ಉಣ್ಣಲಿ. ಅದು ಊಟ, ಅದರಿಂದ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ಹಣ ಕೀಳುವುದಿಲ್ಲ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ಭೇದಿಯಿದ್ದರೆ ಯಾವ ಡಬ್ಬಿಯನ್ನೂ ಕೊಳ್ಳಬೇಡಿ, ತಿನ್ನುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ನೇರ ವೈದ್ಯರ ಬಳಿ ಹೋಗಿ. ಈಗಾಗಲೇ ಹಣ ಕಟ್ಟಿದ್ದರೆ ಡಬ್ಬಿ, ಬಿಲ್, ವರದಿ ಯಾವುದನ್ನೂ ಬಿಸಾಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ನಾವು ದಾಖಲಿಸಿದ್ದೇವೆ.