ಬಣ್ಣದ ದೀಪಗಳ ಕೆಳಗೆ ಮುಖಗಳು: ಫೋನ್, ಪ್ರೈಮ್ ಲೆನ್ಸ್, ಫ್ಲ್ಯಾಶ್

ಹಬ್ಬದ ರಾತ್ರಿ ದೀಪಾಲಂಕಾರದ ನಡುವೆ ನಿಂತವರ ಚಿತ್ರ ತೆಗೆಯುವಾಗ ಕತ್ತಲೆಗಿಂತ ಹೆಚ್ಚು ಕಾಡುವುದು ಬಣ್ಣವೇ. ಫೋನಿನ ನೈಟ್ ಮೋಡ್, ಕ್ಯಾಮೆರಾಕ್ಕೆ ಹಾಕಿದ 50 ಮಿ.ಮೀ. ಎಫ್ 1.8 ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್), ಅದೇ ಕ್ಯಾಮೆರಾದ ಮೇಲೆ ಕೂರಿಸಿದ ಫ್ಲ್ಯಾಶ್ ಈ ಮೂರನ್ನೂ ಮೂರು ರಾತ್ರಿ ಒಂದೇ ಜಾಗದಲ್ಲಿ, ಮನೆಯವರನ್ನೇ ನಿಲ್ಲಿಸಿಕೊಂಡು ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಫೋನಿನ ವಿಚಾರ ಬೇಗ ಮುಗಿಯುತ್ತದೆ. ನೈಟ್ ಮೋಡ್ ಸಾಲಾಗಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುತ್ತದೆ, ಅದಕ್ಕೆ ಒಂದೆರಡು ಸೆಕೆಂಡುಗಳು ಹಿಡಿಯುತ್ತವೆ. ಕಮಾನಿಗೆ, ಗೋಡೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಅಷ್ಟು ಹೊತ್ತು ನಗುವನ್ನು ಅಲುಗಿಸದೆ ಇಟ್ಟುಕೊಳ್ಳುವವರು ಕಡಿಮೆ. ತಂಗಿಯ ಒಂದು ಚಿತ್ರದಲ್ಲಿ ಕಿವಿಯೋಲೆ ಎರಡು ಕಡೆ ಮೂಡಿತ್ತು. ಬಣ್ಣವನ್ನು ತಾನೇ ಸರಿಪಡಿಸಲು ಹೋಗಿ ಫೋನು ಮುಖಕ್ಕೆ ಬೂದಿ ಬಳಿದಂತೆ ಮಾಡಿತ್ತು.

ಪ್ರೈಮ್ ಲೆನ್ಸಿನ ಬಲವೇ ಬೇರೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ ದೊಡ್ಡದು; ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಬರುವುದರಿಂದ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600ರಲ್ಲೇ ಶಟರನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಡಲು ಸಾಧ್ಯವಾಯಿತು. ಇದಕ್ಕಿಂತ ವೇಗವಾಗಿ, ಸೆನ್ಸರನ್ನು ಸಾಲು ಸಾಲಾಗಿ ಓದುವ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ತೆಗೆದಾಗ ಮುಖದ ಮೇಲೆ ಅಡ್ಡಪಟ್ಟಿಗಳು ಬಿದ್ದವು: 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಅದು ಕಣ್ಣಿಗೆ ಕಾಣದಿದ್ದರೂ ಸೆನ್ಸರಿಗೆ ಕಾಣುತ್ತದೆ. ನಾನು ಹೆಚ್ಚು ಚಿತ್ರಗಳನ್ನು ಕಳೆದುಕೊಂಡದ್ದು ಮಾತ್ರ ಕೆಂಪು ದೀಪಗಳ ಕೆಳಗೆ. ಪರದೆಯ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು-ಬೆಳಕು ಎಷ್ಟೆಷ್ಟಿದೆಯೆಂಬ ನಕ್ಷೆ) ಎಲ್ಲವೂ ಸರಿಯಾಗಿದೆಯೆಂದು ತೋರಿಸಿತ್ತು. ಮನೆಗೆ ಬಂದು ದೊಡ್ಡದಾಗಿ ನೋಡಿದರೆ ಅಣ್ಣನ ಕೆನ್ನೆ, ಮೂಗು, ಗಲ್ಲ ಎಲ್ಲವೂ ಸೇರಿ ಒಂದೇ ಕೆಂಪು ತೇಪೆಯಾಗಿತ್ತು. ಮೂರು ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನೋಡಿದ್ದರೆ ಕೆಂಪು ಬಲತುದಿಗೆ ಬಡಿದು ಮಿತಿ ಮೀರಿರುವುದು ಅಲ್ಲೇ ತಿಳಿಯುತ್ತಿತ್ತು. ಮರುದಿನ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕು, ಇಟ್ಟು ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ತಿದ್ದದೆ ಉಳಿಸುವ ಫೈಲ್) ತೆಗೆದಾಗ ಚರ್ಮದ ಏರಿಳಿತ ಉಳಿಯಿತು, ಆದರೆ ಮೈಬಣ್ಣ ಮರಳಲಿಲ್ಲ. ಬೀಳುವ ಬೆಳಕಿನಲ್ಲೇ ಹಸಿರು, ನೀಲಿ ಇಲ್ಲದಿರುವಾಗ ವೈಟ್ ಬ್ಯಾಲೆನ್ಸ್ (ಬಣ್ಣ ಸರಿತೂಗಿಸುವ ಹೊಂದಿಕೆ) ಅವುಗಳನ್ನು ಎಲ್ಲಿಂದ ತರಬೇಕು?

ಫ್ಲ್ಯಾಶ್ ಇಲ್ಲಿಯೇ ಕೆಲಸಕ್ಕೆ ಬಂತು. ನೇರವಾಗಿ ಹೊಡೆದರೆ ಸುಣ್ಣ ಬಳಿದ ಮುಖ, ಹಿಂದೆ ಕಪ್ಪು ಗೋಡೆ, ಅಷ್ಟೇ. ಶಟರನ್ನು ಸೆಕೆಂಡಿನ ಹದಿನೈದನೇ ಒಂದು ಭಾಗಕ್ಕೆ ಇಳಿಸಿ, ಫ್ಲ್ಯಾಶಿನ ಶಕ್ತಿಯನ್ನು ಒಂದೂವರೆ ಸ್ಟಾಪಿನಷ್ಟು ತಗ್ಗಿಸಿ, ಅದರ ಬಾಯಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿದಾಗ, ಸುಮಾರು 5500 ಕೆಲ್ವಿನ್‌ನ ಬಿಳಿ ಬೆಳಕು 3200ರ ಆಸುಪಾಸಿಗೆ, ಅಂದರೆ ಹಳದಿ ಬಲ್ಬಿನ ಬಣ್ಣಕ್ಕೆ, ಇಳಿದು, ಮುಖ ಮುಖದಂತೆ ಕಂಡಿತು. ಹಿಂದಿನ ಸೀರಿಯಲ್ ದೀಪಗಳೂ ತಮ್ಮ ಬಣ್ಣದಲ್ಲೇ ಉಳಿದವು. ದೀಪಗಳು ತೀರಾ ಹತ್ತಿರವಿದ್ದರೆ ಭುಜದ ಅಂಚಿನಲ್ಲಿ ನೆರಳಿನಂತಹ ಇನ್ನೊಂದು ಅಂಚು ಮೂಡುತ್ತದೆ ಎಂಬುದು ಇದರ ಕೊರತೆ. ಮತ್ತೊಂದು ಕೊರತೆ ಯಂತ್ರದ್ದಲ್ಲ: ಮೊದಲ ಮಿಂಚಿಗೇ ಎಲ್ಲರೂ ಸೆಟೆದು ನಿಲ್ಲುತ್ತಾರೆ, ಆಮೇಲೆ ಸಹಜ ನಗು ಸಿಗುವುದಿಲ್ಲ.

ಹಾಗಾಗಿ ನನ್ನ ಆಯ್ಕೆ ಪ್ರೈಮ್ ಲೆನ್ಸ್, ಒಂದು ಷರತ್ತಿನೊಡನೆ: ಹತ್ತಿರದಲ್ಲೆಲ್ಲಾದರೂ ಬಿಳಿ ಬೆಳಕು ಇರಬೇಕು, ಮುಖ ಅತ್ತ ತಿರುಗಿರಬೇಕು, ಬಣ್ಣಗಳು ಬೆನ್ನ ಹಿಂದಿರಬೇಕು. ಸುತ್ತಲೂ ಒಂದೇ ಬಣ್ಣ ತುಂಬಿದ್ದರೆ ಮಾತ್ರ ಫ್ಲ್ಯಾಶ್ ಹೊರತೆಗೆಯುತ್ತೇನೆ. ಮೂರನೆಯ ರಾತ್ರಿ ಅದೇ ಅಣ್ಣನನ್ನು ಕೆಂಪು ದೀಪಗಳಿಂದ ನಾಲ್ಕು ಹೆಜ್ಜೆ ಈಚೆಗೆ ಕರೆದು ಟ್ಯೂಬ್‌ಲೈಟಿನತ್ತ ನಿಲ್ಲಿಸಿದೆ. ಆ ಚಿತ್ರವನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ.